ಎಂಚೊ ಬರೆದ ಕೊನೆಯ ಜೀಪ್ನಿ

ಊರವರು ಗೌರವದಿಂದ ಮಾಂಗ್ ಎಂದು ಕರೆಯುವ ಎಂಚೊನ ಮನೆಯಲ್ಲಿ ಮೂರು ಗಾಲಿಕುರ್ಚಿಗಳಿದ್ದವು. ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಇನ್ನೊಂದರ ಮೇಲೆ ಹೆಂಡತಿ ಲುಡಿಂಗ್ ಒಗೆದ ಬಟ್ಟೆ ಹರವುತ್ತಿದ್ದಳು. ಮೂರನೆಯದಕ್ಕೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ಚುನಾವಣೆಗೊಂದರಂತೆ ಬಂದವು ಅವು. ಮೂರರ ಬೆನ್ನ ಮೇಲೂ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿತ್ತು.

"ಕೂತರೆ ನಾನೇ ಅವರ ಪೋಸ್ಟರ್ ಆಗ್ತೀನಿ," ಎನ್ನುತ್ತಿದ್ದ ಎಂಚೊ. "ಅದೂ ಹೋಗ್ಲಿ, ಅಕ್ಷರಾನಾದ್ರೂ ನೆಟ್ಟಗೆ ಬರ್ದಿದಾರಾ?"

ಅವನಿಗೆ ತನ್ನ ಹಲಗೆಯೇ ಆಗಬೇಕು. ಬಸ್ಸಿನಂತೆ ಜನ ಸಾಗಿಸುವ ಹಳೆಯ ಜೀಪ್ನಿ ಗಾಡಿಯೊಂದರ ಸೀಟಿನ ಮರದಿಂದ ಅಪ್ಪ ಮಾಡಿಕೊಟ್ಟದ್ದು, ಅಡಿಯಲ್ಲಿ ಲಾರಿ ಬೇರಿಂಗಿನ ನಾಲ್ಕು ಗಾಲಿ. ಅಂಗೈಗೆ ಟೈರಿನ ತುಂಡು ಕಟ್ಟಿಕೊಂಡು ನೆಲವನ್ನು ಹಿಂದಕ್ಕೆ ತಳ್ಳಿದರೆ ಗರಗರ ಸದ್ದು ಮಾಡುತ್ತ ಮುಂದೆ ಓಡುತ್ತಿತ್ತು. ಆ ಸದ್ದು ಕೇಳಿದರೆ ಸಾನ್ ಗಾಸ್ಪಾರ್ ಊರಿನ ನಾಯಿಗಳು ದಾರಿ ಬಿಡುತ್ತಿದ್ದವು, ಗಂಜಿ ಮಾರುವವಳು ಒಂದು ಬಟ್ಟಲು ತೆಗೆದಿಡುತ್ತಿದ್ದಳು.

ಚಿಕ್ಕಂದಿನಲ್ಲಿ ಪೋಲಿಯೊ ಬಂದು ಸೊಂಟದ ಕೆಳಗೆ ಕಸುವು ಹೋಗಿತ್ತು. ಅಪ್ಪ ಸರೋವರದ ದಡದಲ್ಲಿ ಜೀಪ್ನಿ ಕಟ್ಟುವ ಶೆಡ್ಡಿನಲ್ಲಿ ತಗಡು ಬಡಿಯುವವ. ಮಗನನ್ನು ಬೆನ್ನ ಮೇಲೆ ಹೊತ್ತು ತಂದು ಶೆಡ್ಡಿನ ಮೂಲೆಯಲ್ಲಿ ಇಳಿಸುತ್ತಿದ್ದ. ಸುಮ್ಮನೆ ಕೂತವನ ಕೈಗೆ ಯಾರೋ ಬ್ರಷ್ಷು ಕೊಟ್ಟು, ಚಕ್ರದ ಗುಬಟಿಗೆ ಬಣ್ಣ ಬಳಿ ಅಂದರು. ಮಿಕ್ಕವರು ಬೆನ್ನು ಬಗ್ಗಿಸಿ ಮಾಡಬೇಕಾದ ಕೆಲಸ ಅವನಿಗೆ ಸರಿಯಾಗಿ ಕಣ್ಣಿನ ಎತ್ತರಕ್ಕಿತ್ತು. ಚಕ್ರದಿಂದ ಮಡ್‌ಗಾರ್ಡಿಗೆ ಹೋದ, ಮಡ್‌ಗಾರ್ಡಿನಿಂದ ಬಾಗಿಲಿಗೆ. ಮೀಸೆ ಮೂಡುವ ಹೊತ್ತಿಗೆ ಇಡೀ ಪಕ್ಕದ ತಗಡು ಅವನದಾಗಿತ್ತು.

ಅವನ ಚಿತ್ರಕ್ಕೆ ಸಹಿ ಬೇಕಿರಲಿಲ್ಲ. ಅವನು ಬರೆದ ಎಮ್ಮೆಗೆ ಗೊರಸು ದೊಡ್ಡದು, ತಲೆ ಚಿಕ್ಕದು. ಭತ್ತ ನಾಟಿ ಮಾಡುವ ಹೆಂಗಸರ ಮೀನಖಂಡ ಕಂಬದಂತೆ ಎದ್ದು, ಮುಖಗಳು ಮೇಲೆಲ್ಲೋ ಮೋಡದ ಹತ್ತಿರ ಇರುತ್ತಿದ್ದವು. ಬೇರೆ ಊರಿನ ಚಿತ್ರಗಾರರು ನಗುತ್ತಿದ್ದರು. ಎಂಚೊ ತಾನು ಕಂಡಂತೆ ಬರೆಯುತ್ತಿದ್ದ, ಅಷ್ಟೆ. ಹಲಗೆಯ ಮೇಲಿಂದ ನೋಡಿದರೆ ಲೋಕದಲ್ಲಿ ಪಾದಗಳು ಬಹಳ, ಮುಖಗಳು ಕಮ್ಮಿ. ಊರಿನವರನ್ನು ಅವನು ಗುರುತು ಹಿಡಿಯುತ್ತಿದ್ದದ್ದೇ ಪಾದದಿಂದ. ಲುಡಿಂಗ್‌ಳನ್ನು ಒಪ್ಪಿಕೊಂಡದ್ದೂ ಹಾಗೆಯೇ ಅಂತ ಗೆಳೆಯರು ಛೇಡಿಸುತ್ತಿದ್ದರು. ಮುಖ ನೋಡುವಷ್ಟರಲ್ಲಿ ಮದುವೆ ಮುಗಿದಿತ್ತಂತೆ.

ಇನ್ನೊಂದು ಅಭ್ಯಾಸವಿತ್ತು ಅವನಿಗೆ. ಜೀಪ್ನಿಯ ಮೈ ಬರೆದು ಮುಗಿದ ಮೇಲೆ ಹಲಗೆಯ ಮೇಲೆ ಅಂಗಾತ ಮಲಗಿ ಗಾಡಿಯಡಿಗೆ ನುಸುಳಿ, ಅದರ ಹೊಟ್ಟೆಯ ಮೇಲೆ ಉಳಿದ ಬಣ್ಣದಲ್ಲಿ ಏನಾದರೊಂದು ಬರೆಯುತ್ತಿದ್ದ. ಒಂದು ಕಪ್ಪೆ, ಒಂದು ಹಲ್ಲಿ, ಒಮ್ಮೊಮ್ಮೆ ಮೆಕ್ಯಾನಿಕ್ಕರಿಗೆ ಒಂದು ಪೋಲಿ ಜೋಕು. ಗಾಡಿ ಕೆಟ್ಟು ರಸ್ತೆಯಲ್ಲಿ ಅಡಿಗೆ ಮಲಗಿದ ಡ್ರೈವರ್ ಅದನ್ನು ನೋಡಿ ಅರ್ಧ ಸಿಟ್ಟು ಮರೆಯಲಿ ಅಂತ.

ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಗಳಕ್ಕೆ ಎತ್ತರ ಹಿಮ್ಮಡಿಯ ಕಪ್ಪು ಶೂಗಳು ಬಂದು ನಿಂತವು. ಧೂಳಿಗೆ ಹೆದರುವ ಶೂಗಳು. ನಗರಸಭೆಯವರು ಅಂತ ಎಂಚೊಗೆ ಗೊತ್ತಾಯಿತು.

"ಗಾಲಿಕುರ್ಚಿ ಆದ್ರೆ ಬೇಡಮ್ಮ," ಅಂದ ತಲೆ ಎತ್ತದೆ. "ಇಡೋಕೆ ಜಾಗ ಇಲ್ಲ."

"ಕುರ್ಚಿ ಅಲ್ಲ ಮಾಂಗ್ ಎಂಚೊ, ಪ್ರಶಸ್ತಿ," ಅಂದಳು ಬಂದವಳು. ಸಂಸ್ಕೃತಿ ಕಚೇರಿಯ ಚರಿತೊ ಮೇಡಂ. "ಅಂಗವಿಕಲರ ವಾರ ಬರ್ತಿದೆಯಲ್ಲ, ಈ ಸಲ ಊರಿನ ಹೆಮ್ಮೆಯ ಕಲಾವಿದ ಅಂತ ನಿಮ್ಮನ್ನೇ ಆರಿಸಿದಾರೆ. ಚೌಕದಲ್ಲಿ ಸಮಾರಂಭ. ಮೇಯರ್ ಕೈಯಿಂದ ಫಲಕ."

ಬಟ್ಟೆ ಹಿಂಡುತ್ತಿದ್ದ ಲುಡಿಂಗ್ ಕೈ ನಿಲ್ಲಿಸಿದಳು. "ಯಾವ ಹೆಮ್ಮೆ? ಈ ವರ್ಷ ಮುಗಿಯೋದ್ರಲ್ಲಿ ಹಳೇ ಜೀಪ್ನಿ ಒಂದೂ ರಸ್ತೆ ಮೇಲೆ ಇರಬಾರದು ಅಂತ ನೋಟಿಸ್ ಅಂಟಿಸಿರೋರೂ ನೀವೇ ತಾನೇ?"

"ಅದು ಸಾರಿಗೆಯವರದ್ದು ಆಂಟಿ. ನಂದು ಸಂಸ್ಕೃತಿ," ಅಂದಳು ಮೇಡಂ ಮೆಲ್ಲಗೆ. ಕೆಟ್ಟವಳಲ್ಲ. ಅವಳ ಅಪ್ಪನೂ ಹಿಂದೆ ಜೀಪ್ನಿ ಓಡಿಸಿದವನೇ.

ಎಂಚೊ ನಕ್ಕುಬಿಟ್ಟ. ಮೇಡಂ ಅವನ ಚಿತ್ರಗಳನ್ನು ತೋರಿಸಿ ಅಂದಳು, ಪ್ರದರ್ಶನಕ್ಕೆ ಇಡಬೇಕಂತೆ. ಎಲ್ಲಿಂದ ತರುವುದು? ಜೀಪ್ನಿಯ ಚಿತ್ರಕ್ಕೆ ಆಯಸ್ಸು ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಊರಹಬ್ಬ ಬಂತೆಂದರೆ ಕೆರೆಯುವುದು, ಹೊಸದು ಬಳಿಯುವುದು. ಎಂಚೊ ತನ್ನ ಗುರುವಿನ ಕೆಲಸವನ್ನೇ ಉಜ್ಜಿ ಅದರ ಮೇಲೆ ತನ್ನದನ್ನು ಬರೆದಿದ್ದ. ಆಮೇಲೆ ತನ್ನದನ್ನೂ ಎಷ್ಟೋ ಸಲ ತಾನೇ ಉಜ್ಜಿದ್ದ. ಅಷ್ಟರಲ್ಲಿ ಸ್ಟಿಕ್ಕರು ಬಂತು, ಕಂಪ್ಯೂಟರಿನಲ್ಲಿ ಮುದ್ರಿಸಿದ ಹಾಳೆ ಬಂತು. ಶೆಡ್ಡು ಮುಚ್ಚಿತು. ಉಳಿದ ಗಾಡಿಗಳು ಒಂದೊಂದೇ ಗುಜರಿಗೆ ಹೋದವು.

"ಒಂದಿದೆ," ಅಂದ ಅವನು. "ಇಗ್ಮೆದು."

ಇಗ್ಮೆಯ ಜೀಪ್ನಿಯೇ ಎಂಚೊ ಬರೆದ ಕೊನೆಯದು. ಶೆಡ್ಡು ಮುಚ್ಚುವುದು ಖಚಿತವಾಗಿದ್ದ ವರ್ಷದ್ದು. ಮೈಗೆಲ್ಲ ಸರೋವರ, ಮೀನಿನ ಬಲೆ, ದಡದಲ್ಲಿ ಎಮ್ಮೆಗಳು, ಬುಟ್ಟಿ ಹೊತ್ತು ಹೊರಟ ಹೆಂಗಸರು. ಅದು ಹದಿನೆಂಟು ವರ್ಷ ಉಳಿದದ್ದಕ್ಕೆ ಕಾರಣ ಕಲಾಭಿಮಾನವೇನೂ ಆಗಿರಲಿಲ್ಲ. ಇಗ್ಮೆ ಕಡುಜಿಪುಣ. ಹೊಸ ಬಣ್ಣಕ್ಕೆ ದುಡ್ಡು ಬಿಚ್ಚಲಾರದೆ, ಮಳೆಗಾಲ ಮುಗಿದ ಮೇಲೆ ತಾನೇ ಎಣ್ಣೆಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟುಕೊಂಡಿದ್ದ.

"ಆ ಗಾಡಿ ಚೌಕದಲ್ಲಿ ನಿಲ್ಲಬೇಕು," ಅಂದ ಎಂಚೊ. "ಬೆಳಗಿಂದ ಸಂಜೆ ತನಕ. ಜನ ಹತ್ತೋಕಲ್ಲ, ನೋಡೋಕೆ. ನಿಮ್ಮ ಫಲಕ ಕೊಡಿ, ಬಿಡಿ. ನಂಗೆ ಇದಿಷ್ಟು ಸಾಕು."

ಮೇಡಂ ಆಗಲಿ ಎಂದು ಒಪ್ಪಿ ಹೋದಳು. ಅವತ್ತಿಂದ ಎಂಚೊಗೆ ಮನೆಯಲ್ಲಿ ಕಾಲ ಸರಿಯಲಿಲ್ಲ. ಜೀವಮಾನದ ದುಡಿಮೆಯೆಲ್ಲ ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಜನರ ಮುಂದೆ ಹಾದುಹೋಗಿತ್ತು. ನಿಂತು ನೋಡಿದವರು ಯಾರು? ಬಸ್ಸಿಗೆ ಕಾಯುವವನೂ ಬೋರ್ಡು ಓದುತ್ತಾನೆ, ಚಿತ್ರ ನೋಡುವುದಿಲ್ಲ. ಒಂದು ದಿನ, ಒಂದೇ ದಿನ, ಒಂದು ಗಾಡಿ ಬಿಸಿಲಿನಲ್ಲಿ ಸುಮ್ಮನೆ ನಿಲ್ಲುತ್ತದೆ. ಅದನ್ನು ನೆನೆದು ಅವನು ಹಲಗೆಯ ಬೇರಿಂಗಿಗೆ ಎಣ್ಣೆ ಬಿಟ್ಟ.

ಚೌಕವೆಂದರೆ ಅವನಿಗೆ ಹಳೆಯ ಲೆಕ್ಕವೊಂದಿತ್ತು. ಸರ್ವಾಧಿಕಾರದ ಕೊನೆಯ ವರ್ಷಗಳಲ್ಲಿ ಪೆಟ್ರೋಲಿನ ಬೆಲೆ ಏರಿ ಡ್ರೈವರುಗಳು ಮುಷ್ಕರ ಹೂಡಿದಾಗ ಬ್ಯಾನರುಗಳನ್ನೆಲ್ಲ ಬರೆದವನು ಎಂಚೊ. ಬರೆದು ಮನೆಯಲ್ಲಿ ಕೂರಲಿಲ್ಲ. ಪೊಲೀಸ್ ಲಾರಿ ಚೌಕಕ್ಕೆ ಬಂದಾಗ ಹಲಗೆ ತಳ್ಳಿಕೊಂಡು ಹೋಗಿ ಅದರ ಮುಂಚಕ್ರಕ್ಕೆ ಅಡ್ಡ ಮಲಗಿಬಿಟ್ಟಿದ್ದ. ಪೊಲೀಸರಿಗೆ ಹಿಡಿಯುವುದು ಹೇಗೆಂದೇ ತಿಳಿಯಲಿಲ್ಲ. ಕಾಲು ಹಿಡಿದು ಎಳೆದರೆ ಹಲಗೆ ಸಮೇತ ಉರುಳಿ ಬರುತ್ತಿದ್ದ, ಬಿಟ್ಟರೆ ಇಳಿಜಾರಿಗೆ ತಾನೇ ಜಾರಿ ಮತ್ತೆ ಅಲ್ಲಿಗೇ ಹೋಗುತ್ತಿದ್ದ. ಕೊನೆಗೆ ಒಬ್ಬ ಹವಾಲ್ದಾರ ಹಲಗೆಯನ್ನು ಮಾತ್ರ ಬಂಧಿಸಿ ಲಾರಿಗೆ ಎಸೆದ; ಅದನ್ನು ಠಾಣೆಯಿಂದ ಬಿಡಿಸಿ ತರಲು ವಾರ ಹಿಡಿಯಿತು. ಎಂಚೊನನ್ನು ಆ ದಿನ ಬೆನ್ನ ಮೇಲೆ ಹೊತ್ತು ಓಡಿದವನು ಇಗ್ಮೆ. ಹಿಂದಿನಿಂದ ಬಿದ್ದ ಲಾಠಿ ಏಟುಗಳಲ್ಲಿ ಎಂಚೊನ ಬೆನ್ನಿಗೆ ಬಿದ್ದವೆಷ್ಟು, ಇಗ್ಮೆಯ ಪೃಷ್ಠಕ್ಕೆ ಬಿದ್ದವೆಷ್ಟು ಅಂತ ಜಿನ್ ಕುಡಿದಾಗಲೆಲ್ಲ ಜಗಳವಾಗುತ್ತಿತ್ತು. ಚರ್ಚಿನಲ್ಲಿ ಇಗ್ಮೆಯ ಮಗಳ ನಾಮಕರಣಕ್ಕೆ ಧರ್ಮತಂದೆಯಾಗಿ ನಿಂತವನೂ ಎಂಚೊನೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಪಾರೆ, ಅಂದರೆ ಆ ಮಗುವಿನ ನಂಟಿನಿಂದ ಬಂಧುಗಳಾದವರು.

ಸಮಾರಂಭದ ಹಿಂದಿನ ಮಧ್ಯಾಹ್ನ ಇಗ್ಮೆ ಹಾರ್ನ್ ಬಾರಿಸುತ್ತ ಬಂದ. ಎಂಚೊ ಅಂಗಳಕ್ಕೆ ಗರಗರ ಹೊರಟು ಬಂದು, ಅಲ್ಲೇ ನಿಂತ.

ಗಾಡಿ ಕುಂಕುಮದಂತೆ ಕೆಂಪಗಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂತಿಯ ಮೇಲಿನ ತಗಡಿನ ಕುದುರೆಗಳಿಗೆ ಬೆಳ್ಳಿ ಬಣ್ಣ ಬಿದ್ದಿತ್ತು. ಪಕ್ಕದಲ್ಲಿ ಬೆಂಕಿಯ ನಾಲಗೆಯ ಸ್ಟಿಕ್ಕರುಗಳು. ಸರೋವರ ಇರಲಿಲ್ಲ, ಎಮ್ಮೆ ಇರಲಿಲ್ಲ, ಬುಟ್ಟಿಯ ಹೆಂಗಸರು ಇರಲಿಲ್ಲ.

"ಹೆಂಗಿದೆ ಪಾರೆ?" ಇಗ್ಮೆ ಸೀಟಿನಿಂದ ಇಳಿದು ತೋಳಿನಿಂದ ಬಾನೆಟ್ ಒರೆಸಿದ. "ಸ್ಪ್ರೇ. ಮೂರು ಕೋಟು. ಉಳಿಸಿದ್ದೆಲ್ಲ ಸುರಿದುಬಿಟ್ಟೆ. ಹೆಂಡತಿ ಒದರಾಡಿದ್ಲು, ಒದರಾಡ್ಕೊ ಅಂದೆ. ನನ್ನ ಪಾರೆಗೆ ಪ್ರಶಸ್ತಿ ಬರೋ ದಿನ ಹಳೇ ಅಂಗಿ ಹಾಕ್ಸಿ ನಿಲ್ಲಿಸ್ಲಾ ಗಾಡೀನ?"

ಎಂಚೊ ಹಲಗೆ ತಳ್ಳಿ ಗಾಡಿಯ ಸುತ್ತ ಒಂದು ಸುತ್ತು ಬಂದ.

ಲುಡಿಂಗ್ ಮಾತಾಡಿದಳು. "ಹುಟ್ಟಿದಾಗಿಂದ ಜಿಪುಣ ನೀನು. ಕೈ ಬಿಚ್ಚೋಕೆ ಇವತ್ತೇ ಸಿಕ್ಕಿತಾ? ಅವರು ನಿನ್ನ ಗಾಡಿ ಕೇಳಿದ್ದಾ, ಅದರ ಮೇಲಿನ ಚಿತ್ರ ಕೇಳಿದ್ದಾ?"

ಇಗ್ಮೆಯ ಮುಖ ಮೊದಲು ಗಾಡಿಯ ಕಡೆ ತಿರುಗಿತು, ಆಮೇಲೆ ಎಂಚೊನ ಕಡೆ. ತಾನು ಮಾಡಿದ್ದೇನೆಂದು ಆಗ ಹೊಳೆಯಿತು. ಸಾನ್ ಗಾಸ್ಪಾರಿನ ಯಾವ ಡ್ರೈವರಾದರೂ ಅದನ್ನೇ ಮಾಡುತ್ತಿದ್ದ. ಹಬ್ಬಕ್ಕೆ ಗಾಡಿಗೆ ಹೊಸ ಬಣ್ಣ ಹಾಕದವನನ್ನು ಆ ಊರು ಗಂಡಸೆಂದೇ ಎಣಿಸುತ್ತಿರಲಿಲ್ಲ. ಹದಿನೆಂಟು ವರ್ಷ ಜಿಪುಣತನ ಕಾಪಾಡಿದ್ದನ್ನು ಒಂದು ದಿನದ ಔದಾರ್ಯ ಒರೆಸಿಹಾಕಿತ್ತು.

"ಕೆರೆದ್ಯಾ?" ಕೇಳಿದ ಎಂಚೊ ಕೊನೆಗೆ.

"ಕೆರೆಸ್ದೆ," ಅಂದ ಇಗ್ಮೆ. "ತಗಡು ಕಾಣೋ ತನಕ. ಇಲ್ದಿದ್ರೆ ಕಚ್ಕೊಳಲ್ಲ ಅಂತ ನೀನೇ ಹೇಳ್ತಿದ್ಯಲ್ಲ."

"ಹೌದು. ನಾನೇ ಹೇಳ್ತಿದ್ದೆ."

ಎಂಚೊ ತಲೆ ತಗ್ಗಿಸಿ ಅಂಗೈ ನೋಡಿಕೊಂಡ. ಗುರುವಿನ ತಗಡಿನ ಮೇಲೆ ಮರಳುಕಾಗದ ಉಜ್ಜಿದ ಅವನದೇ ಕೈಗಳು ತೊಡೆಯ ಮೇಲಿದ್ದವು. ಗುರು ಅವತ್ತು ಪಕ್ಕದಲ್ಲೇ ಕೂತು ಬೀಡಿ ಎಳೆಯುತ್ತಿದ್ದ. ಏನೂ ಅಂದಿರಲಿಲ್ಲ. ಅವನಿಗೆ ಒಳಗೆ ಏನಾಗಿತ್ತೋ, ಎಂಚೊ ಇವತ್ತಿನವರೆಗೆ ಯೋಚಿಸಿದ್ದಿಲ್ಲ.

"ನಾಳೆ ನಾನು ಬರಲ್ಲ," ಅಂದ. "ಮೇಡಂಗೆ ಹೇಳಿಬಿಡು. ಫಲಕಾನ ಕೋಳಿ ಕೂತಿರೋ ಕುರ್ಚಿಗೆ ಹಾಕ್ಲಿ."

ಹಲಗೆ ತಿರುಗಿಸಿದ. ಇಗ್ಮೆ ಓಡಿ ಬಂದು ಅಡ್ಡ ಕುಕ್ಕರುಗಾಲಲ್ಲಿ ಕೂತ.

"ಪಾರೆ, ಹೊಟ್ಟೆ ಮುಟ್ಟಿಲ್ಲ ಕಣೋ."

"ಏನು?"

"ಗಾಡಿ ಹೊಟ್ಟೆ. ಅಡಿಗೆ ಯಾರೂ ಹೋಗಿಲ್ಲ. ಸ್ಪ್ರೇಯವ್ನು ಕೇಳ್ದ, ಅಡಿಗೂ ಹೊಡೀಲಾ ಅಂತ. ಅದಕ್ಕೆ ಬೇರೆ ದುಡ್ಡಂತೆ. ಬೇಡ ಅಂದೆ."

ಲುಡಿಂಗ್ ಹುಬ್ಬು ಗಂಟಿಕ್ಕಿದಳು. "ಹೊಟ್ಟೇಲಿ ಏನಿದೆ? ಕಪ್ಪೆ ತಾನೇ?"

ಆ ಕೊನೆಯ ಗಾಡಿಯ ಅಡಿಯಲ್ಲಿ ಎಂಚೊ ಮೂರು ವಾರ ಮಲಗಿದ್ದ. ಶೆಡ್ಡಿನ ಯಜಮಾನ ಬೈದಿದ್ದ, ಊಟ ಅಲ್ಲಿಗೇ ಹೋಗುತ್ತಿತ್ತು. ಬಣ್ಣದ ಡಬ್ಬಿಗಳು ಇನ್ನು ಬೇಕಾಗುವುದಿಲ್ಲ ಅಂತ ಗೊತ್ತಿದ್ದುದರಿಂದ ಎಲ್ಲವನ್ನೂ ಅಲ್ಲೇ ಖಾಲಿ ಮಾಡಿದ್ದ. ಏನು ಬರೆದನೆಂದು ನೋಡಿದವರು ಇಗ್ಮೆ, ನಾಲ್ಕಾರು ಮೆಕ್ಯಾನಿಕ್ಕರು. ಆಮೇಲೆ ಗ್ರೀಸು, ಕೆಸರು, ಹೊಗೆಯ ಮಸಿ ಸೇರಿ ಬೆರಳು ದಪ್ಪದ ಪದರ ಕಟ್ಟಿತ್ತು.

ಎಂಚೊ ಹಲಗೆಯ ಮೇಲೆ ಅಂಗಾತನಾಗಿ ಗಾಡಿಯಡಿಗೆ ಸರಿದ. ಸೀಮೆಎಣ್ಣೆಯ ಚಿಂದಿ ಕೇಳಿದ. ಇಗ್ಮೆ ಕೊಟ್ಟ. ಉಜ್ಜುವ ಸದ್ದು ಕೇಳುತ್ತಿತ್ತು, ಕರಿನೀರು ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತಾದ ಮೇಲೆ ಅಡಿಯಿಂದ ದನಿ ಬಂತು.

"ಮೀನು ಮಾರೋ ಅಲಿಂಗ್ ಹುಲಿಂಗ್‌ಳ ಹೆಬ್ಬೆರಳು ಇದೆ."

"ನಾನು ಹೇಳ್ಲಿಲ್ವಾ," ಅಂದ ಇಗ್ಮೆ ನೆಲದ ಮೇಲೆ ಕುಸಿದು ಕೂತು. "ಗ್ರೀಸು ಕಣೋ. ಗ್ರೀಸು ಏನನ್ನೂ ಕೊಳೆಯಕ್ಕೆ ಬಿಡಲ್ಲ."

ಕತ್ತಲಾಗುವುದರೊಳಗೆ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಹಳೆ ಬನಿಯನ್ನು ಹಿಡಿದು ಬಂದು ಸೇರಿದರು. ಸರದಿಯ ಮೇಲೆ ಅಡಿಗೆ ಹೋಗಿ ಉಜ್ಜಿದರು. ಹೊರಗೆ ಬಂದವರು ಮಸಿ ಮುಖದಲ್ಲೇ ಕೂತು ಬೀಡಿ ಹಚ್ಚುತ್ತಿದ್ದರು. ಲುಡಿಂಗ್ ಮಾತ್ರ ಬಗ್ಗಲಿಲ್ಲ. ಈ ವಯಸ್ಸಿನಲ್ಲಿ ಗಂಡಸರ ಜೊತೆ ಗಾಡಿಯಡಿಗೆ ಮಲಗುವವಳಲ್ಲ ತಾನು ಎಂದು ಒಣಮೀನು ಹುರಿಯಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕೆಂಪು ಜೀಪ್ನಿ ಚೌಕದ ನಡುವೆ ಜನ ಮಲಗಿ ಸಲೀಸಾಗಿ ನುಸುಳುವಷ್ಟು ಎತ್ತರಕ್ಕೆ ಮರದ ದಿಮ್ಮಿಗಳ ಮೇಲೆ ಏರಿತ್ತು. ಕೆಳಗೆ ಬಾಳೆಲೆಯ ಮೇಲೆ ಚಾಪೆ. ಚರಿತೊ ಮೇಡಂ ಬಂದವಳು ತಲೆ ಮೇಲೆ ಕೈ ಹೊತ್ತಳು.

"ಮಾಂಗ್ ಎಂಚೊ, ಎಲ್ಲಿ ಚಿತ್ರ?"

"ಅಡಿಗೆ ಬನ್ನಿ."

"ನಾನು ಸೀರಿಯಸ್ಸಾಗಿ ಕೇಳ್ತಿದೀನಿ."

"ನಾನೂ. ಶೂ ಬಿಚ್ಚಿ, ಅಂಗಾತ ಮಲಗಿ. ನಿಮ್ಮಪ್ಪ ಅಲ್ಲೇ ಇದಾನೆ."

ಅವಳು ಸುತ್ತಮುತ್ತ ನೋಡಿದಳು. ಶೂ ಬಿಚ್ಚಿದಳು. ಹೋದವಳು ಬೇಗ ಹೊರಬರಲಿಲ್ಲ.

ಜೀಪ್ನಿಯ ನೆಲ ಗಾಜಿನದ್ದಾಗಿದ್ದರೆ ರಸ್ತೆಯ ಮೇಲೆ ಮಲಗಿದವನಿಗೆ ಏನು ಕಾಣುತ್ತಿತ್ತೋ ಅದನ್ನೇ ಎಂಚೊ ಬರೆದಿದ್ದ. ಚಾಸಿಸಿನ ಕಂಬಿಗಳ ಆಚೆ ಈಚೆ, ಎರಡು ಸಾಲು ಪ್ರಯಾಣಿಕರ ಅಂಗಾಲುಗಳು. ಮೀನು ಮಾರುತ್ತಿದ್ದ ಅಲಿಂಗ್ ಹುಲಿಂಗ್‌ಳ ಬಿರುಕು ಹಿಮ್ಮಡಿ, ಅವಳ ಬುಟ್ಟಿಯ ತಳ, ಬೆತ್ತದ ಸಂದಿಯಿಂದ ಇಳಿಬಿದ್ದ ಒಂದು ಬಾಲ. ಮೇಷ್ಟ್ರ ಹೊಲಿಗೆ ಬಿಟ್ಟ ಶೂ. ನೆಲ ಮುಟ್ಟದೆ ತೂಗಾಡುವ ಮಗುವಿನ ಕಾಲು. ಕಾಲು ಕಟ್ಟಿದ ಹುಂಜ. ಬಾಗಿಲ ಬಳಿ ಜೋತುಬಿದ್ದ ಚರಿತೊಳ ಅಪ್ಪನ ಒಂಟಿ ಚಪ್ಪಲಿ, ಇನ್ನೊಂದು ಕಾಲು ಗಾಳಿಯಲ್ಲಿ. ಮುಂದೆ ಬ್ರೇಕಿನ ಮೇಲೆ ಇಗ್ಮೆಯ ಬೆರಳು ಮುರಿದ ಪಾದ. ಹದಿನೆಂಟು ವರ್ಷದ ಹಿಂದಿನ ಒಂದು ಬೆಳಗಿನ ಸಾನ್ ಗಾಸ್ಪಾರ್ ಅದು. ಆ ಪಾದಗಳಲ್ಲಿ ಅರ್ಧದಷ್ಟು ಈಗ ಗುಡ್ಡದ ಸ್ಮಶಾನದಲ್ಲಿದ್ದವು.

ಸುದ್ದಿ ಸಂತೆಗೆ ಹಬ್ಬಿತು. ಜನ ಸಾಲುಗಟ್ಟಿದರು. ಒಳಗೆ ಹೋದವರು ಜೋರಾಗಿ ಹೆಸರು ಕೂಗುತ್ತಿದ್ದರು, ಹೊರಗಿದ್ದವರು ನಂಬುತ್ತಿರಲಿಲ್ಲ.

"ಇದು ನಮ್ಮಮ್ಮಂದು. ಆಣಿ ನೋಡು, ಆಣಿ."

"ಎಲ್ಲಾರಿಗೂ ಆಣಿ ಇರುತ್ತೆ ಕಣೇ."

"ಈ ಜಾಗದಲ್ಲಿ ಇರುತ್ತಾ? ನಾನೇ ಬ್ಲೇಡಲ್ಲಿ ಕೆತ್ತಿ ತೆಗೀತಿದ್ದೆ."

ಹುಲಿಂಗ್‌ಳ ಮಗಳು, ಅವಳೂ ಮೀನು ಮಾರುವವಳೇ, ತೋಳು ಚಾಚಿ ಆ ಹಿಮ್ಮಡಿಯ ಮೇಲೆ ಅಂಗೈ ಇಟ್ಟಳು. ಹಿಂದಿನವರು ಬೇಗ ಬಾ ಅಂದರು. ಅವಳು ಅವರಿಗೆ ಬೈದು ಅಲ್ಲೇ ಇದ್ದಳು.

ವೇದಿಕೆಯಲ್ಲಿ ಮೈಕು ಎಂಚೊನ ಹೆಸರು ಕೂಗಿತು. ವೇದಿಕೆಗೆ ಎದೆಯೆತ್ತರದ ಮೆಟ್ಟಿಲಿದ್ದವು, ಇಳಿಜಾರು ಇರಲಿಲ್ಲ. ಹೊತ್ತು ಏರಿಸಲು ನಾಲ್ಕು ಜನ ಸಮವಸ್ತ್ರದವರು, ಒಂದು ಹೊಸ ಗಾಲಿಕುರ್ಚಿ ತಯಾರಿದ್ದವು. ಹೆಸರು ಮತ್ತೆ ಮತ್ತೆ ಕೂಗಿದರೂ ಎಂಚೊ ಬರಲಿಲ್ಲ. ಅವನು ಗಾಡಿಯಡಿಯಲ್ಲಿದ್ದ, ಯಾರದ್ದೋ ಅಜ್ಜನನ್ನು ತೋರಿಸುತ್ತಿದ್ದ. ಕೊನೆಗೆ ಮೇಯರ್ರೇ ಫಲಕ ಹಿಡಿದು ಇಳಿದು ಬಂದರು. ಜೀಪ್ನಿಯ ಅಡಿಯಿಂದ ಹೊರಚಾಚಿದ ಹತ್ತಾರು ಕಾಲುಗಳಲ್ಲಿ ಪ್ರಶಸ್ತಿ ಯಾರಿಗೆ ಅಂತ ತಿಳಿಯದೆ ನಿಂತರು.

"ಇಲ್ಲಿ ಕೊಡಿ ಸಾರ್," ಅಂತ ಮಸಿ ಹತ್ತಿದ ಒಂದು ಕೈ ಹೊರಗೆ ಬಂತು.

ಮೇಯರ್ ಬಗ್ಗಿದರು. ಇಸ್ತ್ರಿಯ ಅಂಗಿ ಸೊಂಟದಿಂದ ಮೇಲೆದ್ದಿತು. ಫೋಟೊದವರು ತೆಗೆದದ್ದು ಅವರ ಬೆನ್ನನ್ನು, ಅಡಿಯ ಕೈಯನ್ನು. ನೋಡಲು ಅಡಿಗೆ ಬರುತ್ತೀರಾ ಅಂತ ಇಗ್ಮೆ ಕೇಳಿದ. ಇನ್ನೊಂದು ಕಾರ್ಯಕ್ರಮವಿದೆಯೆಂದು ಅವರು ಹೊರಟರು. ನೋಟಿಸಿನ ಮಾತು ಯಾರೂ ಎತ್ತಲಿಲ್ಲ, ಡ್ರೈವರುಗಳೂ. ಅದಕ್ಕೆ ಸೋಮವಾರ ಅವರದೇ ಪ್ರತಿಭಟನೆಯ ಮೆರವಣಿಗೆ ಇದ್ದೇ ಇತ್ತು.

ಸಂಜೆಗೆ ಸಾಲು ಕರಗಿತು. ಹಬ್ಬದ ಅಂಗಿ ತೊಟ್ಟ ಲುಡಿಂಗ್ ಬೆಳಗಿಂದ ಕೊಡೆ ಹಿಡಿದು ದೂರ ನಿಂತಿದ್ದಳು. ಈಗ ಹತ್ತಿರ ಬಂದು ಸುತ್ತ ನೋಡಿ, ಕೊಡೆ ಮಡಿಚಿ, ನಿಟ್ಟುಸಿರಿಡುತ್ತ ಚಾಪೆಯ ಮೇಲೆ ಮಲಗಿ ಗಂಡನ ಪಕ್ಕಕ್ಕೆ ಸರಿದಳು. ಎಂಚೊ ಫಲಕವನ್ನು ತಲೆದಿಂಬು ಮಾಡಿಕೊಂಡಿದ್ದ. ಅರ್ಧ ಅವಳ ಕಡೆ ನೂಕಿದ.

ಅವಳು ಬಹಳ ಹೊತ್ತು ನೋಡಿದಳು. "ಊರಿನವರನ್ನೆಲ್ಲ ಬರ್ದಿದೀಯ. ನೀನೆಲ್ಲಿ?"

"ಅಲ್ಲಿ. ಗೇರ್‌ಬಾಕ್ಸ್ ಪಕ್ಕ."

ಗೇರ್‌ಬಾಕ್ಸಿನ ಪಕ್ಕ ಒಂದು ಹಲಗೆಯ ತಳ, ನಾಲ್ಕು ಗಾಲಿ.

"ನಾನು?"

ಅವನು ಹಿಂದಿನ ಮೆಟ್ಟಿಲ ಕಡೆ ಬೆರಳು ಮಾಡಿದ. ಒಂದು ಪಾದ ಮೆಟ್ಟಿಲ ಮೇಲೆ, ಇನ್ನೊಂದು ಇನ್ನೂ ನೆಲ ಬಿಟ್ಟಿರಲಿಲ್ಲ.

"ಇಳೀತಿದೀನಾ?"

"ಹತ್ತುತಿದೀಯ. ನನ್ನನ್ನ ಹತ್ತಿಸಿದ ಮೇಲೆ ತಾನೇ ನೀನು ಹತ್ತೋದು."

ಲುಡಿಂಗ್ ಮತ್ತೊಮ್ಮೆ ನೋಡಿದಳು. "ಚಪ್ಪಲಿ ತಪ್ಪು. ನಂದು ಹಸಿರು ಇತ್ತು."

"ಹಸಿರು ಬಣ್ಣ ಮುಗಿದಿತ್ತು."

"ಮೊದಲೇ ನನ್ನ ಬರೀಬೇಕಿತ್ತು," ಅಂದಳು ಅವಳು. ಆದರೆ ಏಳಲಿಲ್ಲ. ಹೊರಗಡೆ ಇಗ್ಮೆ ದಿಮ್ಮಿ ತೆಗೆಯಬೇಕು, ಮನೆಗೆ ಹೋಗಬೇಕು, ಏಳಿ ಅಂತ ಚಕ್ರ ಬಡಿಯುತ್ತಿದ್ದ.